ಟ್ಯಾಂಕಿಗೊಂದು ಮೆಮೊರಿ ಕಾರ್ಡು

ಗಂಡ ಸತ್ತ ಮೇಲೆ ಡಲ್ಸಿಯ ಮನೆಯಲ್ಲಿ ಎಲ್ಲವೂ ಕಡಿಮೆಯಾಯಿತು. ಬ್ರೆಡ್ಡು ಕಡಿಮೆ, ಬಟ್ಟೆ ಕಡಿಮೆ, ಮಾತು ಕಡಿಮೆ. ಕಡಿಮೆಯಾಗದೆ ಉಳಿದದ್ದು ಹಿತ್ತಲಿನ ಟ್ಯಾಂಕಿನ ನೀರೊಂದೇ.

ಕ್ಲೆಮ್ ಹೋದದ್ದು ಚಳಿಗಾಲ ಮುಗಿಯುವಾಗ. ಈಗ ಜನವರಿ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಉರಿಬಿಸಿಲು. ಪೋರ್ಟ್ ಟ್ರೆವೆನ್‌ನಲ್ಲಿ ಮಳೆ ಬಿದ್ದು ಎಷ್ಟೋ ಕಾಲವಾಗಿತ್ತು. ಹುಲ್ಲು ಒಣಗಿ ನಾಯಿಯ ಬಣ್ಣಕ್ಕೆ ಬಂದಿತ್ತು. ಹೀಗಿರುವಾಗ ಡಲ್ಸಿ ದಿನವೂ ಬೆಳಿಗ್ಗೆ ಟ್ಯಾಂಕಿನ ತಗಡಿಗೆ ಗೆಣ್ಣಿನಿಂದ ಬಡಿಯುವಳು. ಖಾಲಿ ಇದ್ದಲ್ಲಿ ಟಣ್ ಅನ್ನಬೇಕು, ನೀರಿದ್ದಲ್ಲಿ ದಪ್ ಅನ್ನಬೇಕು. ಅವಳ ಎದೆಯಿಂದ ತಲೆಯವರೆಗೂ ಅದು ದಪ್ ಅನ್ನುತ್ತಿತ್ತು. ಬಡಿದಾದ ಮೇಲೆ ಅವಳು ಕ್ಲೆಮ್‌ನ ಖಾಲಿ ಕುರ್ಚಿಯ ಕಡೆ ತಿರುಗಿ, "ನೋಡಿದ್ಯಾ?" ಎಂದು ಕೇಳುವಳು. ಕುರ್ಚಿ ಸುಮ್ಮನಿರುತ್ತಿತ್ತು. (ಕ್ಲೆಮ್ ಇದ್ದಾಗಲೂ ಅಷ್ಟೇ ಮಾತಾಡುತ್ತಿದ್ದ.)

ಅವರ ಮದುವೆಯಲ್ಲಿ ಇದ್ದದ್ದು ಒಂದೇ ಜಗಳ. ಮದುವೆಯಷ್ಟೇ ಹಳೆಯದು, ಮದುವೆಗಿಂತ ಗಟ್ಟಿ. ಟ್ಯಾಂಕಿನ ಮಳೆನೀರು ಟೀಗೆ, ಅಡುಗೆಗೆ, ಕುಡಿಯುವುದಕ್ಕೆ. ಉಳಿದ ಎಲ್ಲದಕ್ಕೂ ಊರಿನ ನಲ್ಲಿ. ಆದರೂ ಪ್ರತಿ ಬೇಸಿಗೆಯಲ್ಲಿ ಟ್ಯಾಂಕು ಇಳಿಯುತ್ತಿತ್ತು. ಕ್ಲೆಮ್ ಕೊಲ್ಲಿಯಲ್ಲಿ ಏಡಿ ಹಿಡಿದು ಬಂದು, ದೋಣಿಯ ಉಪ್ಪನ್ನು ಈ ನೀರಿನಿಂದಲೇ ತೊಳೆಯುತ್ತಾನೆ ಎಂದು ಡಲ್ಸಿ ಹೇಳುತ್ತಿದ್ದಳು. ನಿನ್ನ ಟೊಮೇಟೊ ಗಿಡ ಕುಡಿಯುತ್ತೆ ಎಂದು ಕ್ಲೆಮ್ ಹೇಳುತ್ತಿದ್ದ. "ಟೊಮೇಟೊಗೆ ನಾನು ಹಾಕೋದು ಒಂದು ಗುಟುಕು," ಎಂದು ಡಲ್ಸಿ. "ದೋಣಿಗೆ ನಾನು ಹಾಕೋದು ನಲ್ಲಿ ನೀರು," ಎಂದು ಕ್ಲೆಮ್. ಇಬ್ಬರೂ ತಲೆ ಹಣ್ಣಾಗುವವರೆಗೆ ಇದನ್ನೇ ಹೇಳಿಕೊಂಡು ಬಂದರು.

ಈಗ ಕ್ಲೆಮ್ ಇಲ್ಲ. ದೋಣಿ ತಾಡಪಾಲಿನಡಿ ಮಲಗಿದೆ. ಟ್ಯಾಂಕು ಇಳಿಯುತ್ತಿಲ್ಲ. ಇನ್ನೇನು ಸಾಕ್ಷಿ ಬೇಕು?

ಬೇಕು ಎಂದವಳು ಏವಿಸ್. ಕ್ಲೆಮ್‌ನ ಅಕ್ಕ. ಅವಳು ಭಾನುವಾರ ಚರ್ಚಿನಿಂದ ನೇರ ಇಲ್ಲಿಗೆ ಬಂದು, ಟೋಪಿ ಕೂಡ ತೆಗೆಯದೆ ಕುಳಿತುಕೊಳ್ಳುವವಳು.

"ದೋಣಿ ಮಾರ್ತೀಯಂತೆ," ಅಂದಳು.

"ಮಾರ್ತೀನಿ."

"ಅದು ಹೆಡ್ಲಿಗೆ ಅಂತ ಆಸ್ಪತ್ರೇಲಿ ಹೇಳಿದ್ದಾನಲ್ಲೇ ನನ್ನ ತಮ್ಮ. ನನ್ನ ಕಿವಿಯಾರೆ ಕೇಳಿದ್ದೀನಿ."

"ಕಳ್ಳನ ಮಾತು ಯಾರು ನಡೆಸ್ತಾರೆ? ನನ್ನ ಟೀ ನೀರಲ್ಲಿ ತೊಳೆದ ದೋಣಿ ಅದು. ನನಗೆ ಸೇರಬೇಕು. ಟ್ಯಾಂಕು ನೋಡು ಹೋಗು. ಅವನು ಹೋದ ಮೇಲೆ ಇಳಿದೇ ಇಲ್ಲ."

"ಸತ್ತವನ ಮೇಲೆ ಹೊರಿಸೋಕೆ ನಾಚಿಕೆ ಆಗಲ್ವಾ ನಿಂಗೆ?"

"ಬದುಕಿದ್ದಾಗಲೂ ಹೊರಿಸ್ತಿದ್ದೆ. ಹೊಸದಲ್ಲ."

ಏವಿಸ್ ಟೀ ಕುಡಿದಳು. ಕಪ್ಪು ಕೆಳಗಿಟ್ಟಳು. "ಅವನು ಅದಕ್ಕೇ ಒಂದು ಯಂತ್ರ ಮಾಡ್ತಿದ್ದ," ಅಂದಳು. "ಟ್ಯಾಂಕಿಗೆ ಹಾಕೋದು. ನಿನ್ನ ಕಳ್ಳತನ ಹಿಡಿಯೋಕೆ. ಧೈರ್ಯ ಇದ್ರೆ ಅದನ್ನ ಮುಗಿಸಿ ಹಾಕು. ಟ್ಯಾಂಕು ನಿಜವಾಗ್ಲೂ ಇಳಿದಿಲ್ಲ ಅಂತ ಬಂದ್ರೆ ದೋಣಿ ಮಾರ್ಕೋ, ನಾನು ಬಾಯಿ ಬಿಡಲ್ಲ. ಇಳಿದಿದ್ರೆ, ನೀರು ಕುಡಿದೋಳು ನೀನೇ. ದೋಣಿ ಹೆಡ್ಲಿಗೆ."

"ಆಯ್ತು," ಅಂದಳು ಡಲ್ಸಿ. ಸೋಲುವ ಭಯ ಅವಳಿಗೆ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ದೋಣಿಯ ಹಣವೂ ಅಲ್ಲ. ಆ ಒಂದು ಜಗಳ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸದೆ ಅವನು ಎದ್ದು ಹೋಗಿದ್ದ. ಅದನ್ನು ಅವಳಿಗೆ ಸಹಿಸಲಾಗಿರಲಿಲ್ಲ.

ಯಂತ್ರ ಕ್ಲೆಮ್‌ನ ಮೇಜಿನ ಮೇಲೆ, ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿತ್ತು. ಅಂಗೈಯಗಲದ ಒಂದು ನೀಲಿ ಬೋರ್ಡು. ಟ್ಯಾಂಕಿನ ಮುಚ್ಚಳದಡಿ ಕೂತು ನೀರು ಎಷ್ಟು ಕೆಳಗಿದೆ ಎಂದು ಅಳೆಯುವ, ಗೂಬೆಯ ಕಣ್ಣಿನಂಥ ಎರಡು ಗುಂಡು. ಗುಂಡಿ ಬ್ಯಾಟರಿಯ ಪುಟ್ಟ ಗಡಿಯಾರ. ಮತ್ತೆ ಮೆಮೊರಿ ಕಾರ್ಡು ಸಿಕ್ಕಿಸುವ ಒಂದು ಗೂಡು. ಉಳಿದದ್ದೆಲ್ಲ ಸೇರಿತ್ತು. ಗೂಡು ಮಾತ್ರ ಬೋರ್ಡಿಗೆ ಸೇರಿರಲಿಲ್ಲ. ಅಳೆದದ್ದನ್ನು ಬರೆದಿಡುವ ಜಾಗವೇ ಅದು. ಅದಿಲ್ಲದಿದ್ದರೆ ಯಂತ್ರ ದಿನವಿಡೀ ಅಳೆದು, ಅಳೆದದ್ದನ್ನು ಆಗಿಂದಾಗಲೇ ಮರೆಯುತ್ತಿತ್ತು. (ಅಷ್ಟು ಮಾಡಲು ಯಂತ್ರವೇ ಬೇಕಿಲ್ಲ, ಏವಿಸ್ ಸಾಕು.)

ಡಲ್ಸಿ ಬೇಲಿಯ ಹತ್ತಿರ ಹೋಗಿ ಹೆಡ್ಲಿಯನ್ನು ಕೂಗಿದಳು. ಹೆಡ್ಲಿ ಹಿಂದಿನ ಮನೆಯವನು, ಹೆಂಡತಿ ಇಲ್ಲದವನು, ಕ್ಲೆಮ್‌ನ ಜೀವದ ಗೆಳೆಯ. ಊರಿನ ಗಂಡಸರ ಶೆಡ್ಡಿನಲ್ಲಿ, ಅಂದರೆ ಕೆಲಸದಿಂದ ನಿವೃತ್ತರಾದವರು ಕೂಡಿ ಮರಗೆಲಸ, ರಿಪೇರಿ ಮಾಡುವ ಜಾಗದಲ್ಲಿ, ಇಂಥ ಬೋರ್ಡುಗಳ ವಿದ್ಯೆಯನ್ನು ಮುದುಕರಿಗೆಲ್ಲ ಕಲಿಸಿದವನು ಅವನೇ. ಶೆಡ್ಡಿನವರಿಗೆ ಒಂದು ಕಟ್ಟಳೆ ಇತ್ತು. ಒಬ್ಬ ಸತ್ತರೆ ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಉಳಿದವರು ಮುಗಿಸಿ ಮನೆಗೆ ತಲುಪಿಸಬೇಕು. ಹೂ ಕೊಡುವುದು ಅವರಿಗೆ ಬಾರದು.

ಹೆಡ್ಲಿ ಡಬ್ಬಿಯೊಳಗೆ ನೋಡಿದ. ಮುಖ ಸಣ್ಣಗಾಯಿತು.

"ಇದು ಯಾಕೆ ಈಗ, ಡಲ್ಸಿ?"

"ಕ್ಲೆಮ್ ಕಳ್ಳ ಅಂತ ತೋರಿಸೋಕೆ."

"ಹಾಗೇ ಇರ್ಲಿ ಬಿಡು. ಪಾಪ."

"ನೀನು ಮಾಡ್ತೀಯೋ, ನಾನೇ ಅಂಟು ಹಾಕಿ ಅಂಟಿಸ್ಲೋ?"

ಡಬ್ಬಿಯ ತಳದಲ್ಲಿ ಕ್ಲೆಮ್ ತಂದಿಟ್ಟಿದ್ದ ಮೆಮೊರಿ ಕಾರ್ಡು ಇತ್ತು. ಹೆಡ್ಲಿ ಅದನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. "ಇದು ಆಗಲ್ಲ," ಅಂದ. "ಕಾರ್ಡು ದೊಡ್ಡದಾಯ್ತು."

"ಉಗುರಿನಷ್ಟಿದೆಯಲ್ಲೋ."

"ಒಳಗಿನ ಜಾಗ ದೊಡ್ಡದು. ಈ ಬೋರ್ಡು ಹಳೇ ತಲೆ. ಇಷ್ಟು ಜಾಗ ಕೊಟ್ರೆ ಅದಕ್ಕೆ ಓದೋಕೆ ಬರಲ್ಲ. ಸಣ್ಣದು ಬೇಕು. ಸಣ್ಣದು ಈಗ ಯಾರೂ ಮಾರಲ್ಲ. ತರಿಸಬೇಕು. ಹಡಗಲ್ಲಿ ಬರಬೇಕು. ಅಷ್ಟರಲ್ಲಿ ಮಳೆಗಾಲ ಬಂದುಬಿಡತ್ತೆ, ನೋಡು. ಹೀಗಾಗತ್ತೆ."

ಹೆಡ್ಲಿಯ ದುಃಖ ಕಂಡು ಡಲ್ಸಿಗೂ ದುಃಖವಾಯಿತು. ಆಮೇಲೆ ಅವಳು ಒಳಗೆ ಹೋಗಿ ಹಳೆಯ ಕ್ಯಾಮೆರಾ ತಂದಳು. ಅದರ ಹೊಟ್ಟೆಯಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಹೆಡ್ಲಿ ಅದನ್ನು ನೋಡಿದ. ಅದು ಸಣ್ಣದೇ ಆಗಿತ್ತು. ದೇವರು ಅವನ ಕಡೆ ಇರಲಿಲ್ಲ.

"ಇದನ್ನ ಹಾಕೋಕೆ ಮೊದಲು ಪೂರ್ತಿ ಅಳಿಸಬೇಕಾಗತ್ತೆ," ಅಂದ. "ಇದರಲ್ಲಿರೋ ಫೋಟೋ ಎಲ್ಲ ಹೋಗತ್ತೆ. ಕ್ಲೆಮ್ ಫೋಟೋ ಇರಬೇಕಲ್ಲ?"

ಇದ್ದವು. ಕ್ಲೆಮ್ ಮೀನಿನ ಜೊತೆ. ಕ್ಲೆಮ್ ಏಡಿಯ ಜೊತೆ. ಕ್ಲೆಮ್ ಇನ್ನೊಂದು ಮೀನಿನ ಜೊತೆ. ತೆಗೆದವಳು ಡಲ್ಸಿ, ಆದ್ದರಿಂದ ಅವಳು ಒಂದರಲ್ಲೂ ಇಲ್ಲ. ಅಷ್ಟನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಆಲ್ಬಮ್ಮಿನಲ್ಲಿ ಅಂಟಿಸಿಟ್ಟಿದ್ದಳು. ಆದರೂ ಅವಳು ಕಾರ್ಡನ್ನು ಅಂಗೈಯಲ್ಲಿ ಒಮ್ಮೆ ಮಗುಚಿ ನೋಡಿದಳು.

"ಅಳಿಸು," ಅಂದಳು. "ಅವನ ಮುಖ ನಂಗೆ ಗೊತ್ತು."

ಹೆಡ್ಲಿ ಡಬ್ಬಿಯನ್ನು ಮನೆಗೊಯ್ದ. ಎರಡು ದಿನ ಕಳೆದು ತಂದ. ಗೂಡಿನಿಂದ ಬೋರ್ಡಿಗೆ ಬಣ್ಣಬಣ್ಣದ ವೈರುಗಳು ಹೋಗಿದ್ದವು. ನೋಡಲು ಚೆನ್ನಾಗಿತ್ತು. ಕರೆಂಟು ಕೊಟ್ಟ. ಬೋರ್ಡಿನ ದೀಪ ಹೊತ್ತಿತು. ಕಾರ್ಡಿನ ಕಡೆಯಿಂದ ಏನೂ ಇಲ್ಲ. ಮತ್ತೆ ಕೊಟ್ಟ. ಇಲ್ಲ.

"ಬೋರ್ಡು ಸತ್ತಿದೆ ಡಲ್ಸಿ. ಕ್ಲೆಮ್ ಜೊತೇಲೇ ಹೋಯ್ತು ಅಂದ್ಕೋ."

"ಕ್ಲೆಮ್ ಜೊತೆ ಹೋಗೋಕೆ ಅದೇನು ಅವನನ್ನ ಕಟ್ಕೊಂಡಿತ್ತಾ?" ಅಂದಳು ಡಲ್ಸಿ. "ಕಟ್ಕೊಂಡ ನಾನೇ ಇಲ್ಲಿದ್ದೀನಿ. ಇತ್ತ ಕೊಡು."

ಹೆಂಗಸರು ಗಂಡಸರ ಶೆಡ್ಡಿಗೆ ಹೋಗಬಹುದಾದದ್ದು ಗುರುವಾರದ ಟೀ ಹೊತ್ತಿನಲ್ಲಿ ಮಾತ್ರ, ಅದೂ ಕೇಕು ಹಿಡಿದುಕೊಂಡು. ಡಲ್ಸಿ ಸೋಮವಾರ ಹೋದಳು. ಕೇಕಿನ ಡಬ್ಬಿಯನ್ನೇ ಹಿಡಿದಿದ್ದಳು, ಒಳಗೆ ಕೇಕು ಇರಲಿಲ್ಲ. ಗರಗಸ ನಿಂತವು. ಮುದುಕರೆಲ್ಲ ಡಬ್ಬಿಯನ್ನೇ ನೋಡಿದರು. ಅವಳು ಮುಚ್ಚಳ ತೆಗೆದಾಗ ಅಲ್ಲಿ ಇಳಿದ ಮೌನ, ಕ್ಲೆಮ್‌ನನ್ನು ಮಣ್ಣು ಮಾಡುವಾಗಲೂ ಇಳಿದಿರಲಿಲ್ಲ.

ಲಿಂಡ್ಸೆ ಎಂಬವನು ಮುಂದೆ ಬಂದ. ಬದುಕಿಡೀ ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸಿದವನು. ಕನ್ನಡಕ ಏರಿಸಿ ಒಂದು ಸಲ ನೋಡಿದ, ಅಷ್ಟೇ.

"ಎರಡು ವೈರು ಅದಲು ಬದಲಾಗಿದೆ," ಅಂದ. "ಬೋರ್ಡು ಕಾರ್ಡಿಗೆ ಹೇಳೋ ತಂತಿ ಒಂದು. ಕಾರ್ಡು ಬೋರ್ಡಿಗೆ ಹೇಳೋ ತಂತಿ ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಹಾಕಿಬಿಟ್ಟಿದ್ದಾರೆ. ಎರಡೂ ಮಾತಾಡ್ತವೆ, ಎರಡೂ ಕೇಳಿಸ್ಕೊಳ್ಳಲ್ಲ."

"ನಮ್ಮನೆ ಹಾಗೇ ಆಯ್ತು," ಅಂದಳು ಡಲ್ಸಿ.

"ಯಾರು ಮಾಡಿದ್ದು ಇದನ್ನ?"

"ಹೆಡ್ಲಿ."

ಲಿಂಡ್ಸೆ ಕನ್ನಡಕ ಇಳಿಸಿದ. "ಸಾಧ್ಯವೇ ಇಲ್ಲ. ಇದೇ ಅವನು ನಮಗೆ ಮೊದಲನೇ ದಿನ ಹೇಳಿಕೊಟ್ಟ ಪಾಠ."

ಹೆಡ್ಲಿ ಮೂಲೆಯಲ್ಲಿ ಒಂದು ಹಕ್ಕಿಗೂಡಿಗೆ ಬಣ್ಣ ಬಳಿಯುತ್ತಿದ್ದ. ತಲೆ ಎತ್ತಲಿಲ್ಲ. ಬಳಿದಲ್ಲೇ ಬಳಿಯುತ್ತಿದ್ದ.

ಡಲ್ಸಿ ಬೋರ್ಡನ್ನು ಲಿಂಡ್ಸೆಯ ಕೈಗಿಟ್ಟಳು. ಅರಳುಮರಳು, ಅಂದುಕೊಂಡಳು. ಗೆಳೆಯ ಹೋದ ಕೊರಗು ಅವನ ತಲೆಗೆ ಹತ್ತಿದೆ. ಅಂದು ಸಂಜೆ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ಮಾಡಿ ಬೇಲಿಯ ಮೇಲಿಂದ ಕೊಟ್ಟಳು. ಅವನಿಗೆ ಅರ್ಥವಾಗಲೆಂದು ನಿಧಾನವಾಗಿ, ಜೋರಾಗಿ ಹೇಳಿದಳು. "ಹೆಡ್ಲಿ. ಇದು ಪಾಸ್ಟಿ. ತಿನ್ನೋದು."

"ಗೊತ್ತು ಕಣೇ ಡಲ್ಸಿ."

"ಒಲೆ ಆರಿಸಿದ್ದೀಯಾ?"

"ಹಚ್ಚೇ ಇಲ್ಲ."

"ಅದೇ ಒಳ್ಳೇದು," ಎಂದು ಅವಳು ಸಮಾಧಾನ ಹೇಳಿದಳು.

ಲಿಂಡ್ಸೆ ವೈರು ಸರಿಮಾಡಿಕೊಂಡು ಮಾರನೆಯ ದಿನ ಬಂದು ಟ್ಯಾಂಕಿನ ಮುಚ್ಚಳದಡಿ ಗೂಬೆಗಣ್ಣು ಕೂರಿಸಿದ. ಬೋರ್ಡನ್ನು ಐಸ್‌ಕ್ರೀಮ್ ಡಬ್ಬಿಯಲ್ಲೇ ಭದ್ರಮಾಡಿ ಗೋಡೆಗೆ ತೂಗುಹಾಕಿದ. ಏಣಿ ಹಿಡಿಯಲು ಹೆಡ್ಲಿಯೂ ಬಂದಿದ್ದ, ಕರೆಯದಿದ್ದರೂ.

"ಎಷ್ಟು ಸಣ್ಣ ವ್ಯತ್ಯಾಸ ಗೊತ್ತಾಗತ್ತೆ ಇದಕ್ಕೆ?" ಎಂದು ಹೆಡ್ಲಿ ಕೆಳಗಿನಿಂದ ಕೇಳಿದ.

"ಒಂದು ಬೆರಳು."

"ತುಂಬಾ ಸಣ್ಣದಾಯ್ತು ಲಿಂಡ್ಸೆ. ಅಷ್ಟು ಯಾರಿಗೆ ಬೇಕು?"

"ನಂಗೆ ಬೇಕು," ಅಂದಳು ಡಲ್ಸಿ.

ಕಾರ್ಡು ತೆಗೆಯುವ ಮೊದಲು ಕರೆಂಟು ಆರಿಸಬೇಕು, ಬರೆಯುತ್ತಿರುವಾಗ ಕಿತ್ತರೆ ಬರೆದದ್ದೆಲ್ಲ ಕೆಡಬಹುದು ಎಂದು ಲಿಂಡ್ಸೆ ಹೇಳಿದ. ಅವನು ಗೇಟು ದಾಟಿದ ಮೇಲೆ ಹೆಡ್ಲಿ ಹೇಳಿದ್ದು ಬೇರೆ. "ಅವನಿಗೇನು ಗೊತ್ತು, ದೀಪ ಉರಿಯುವಾಗಲೇ ಎಳೆದುಬಿಡು, ಏನಾಗಲ್ಲ." ಡಲ್ಸಿ ತಲೆಯಾಡಿಸಿದಳು. ಪಾಪ, ವಿರುದ್ಧ ಮಾತಾಡಬಾರದು. ಒಳಗೆ ಹೋಗಿ ಲಿಂಡ್ಸೆ ಹೇಳಿದ್ದನ್ನೇ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದಳು.

ಬೇಸಿಗೆ ಮುಂದುವರಿಯಿತು. ಡಲ್ಸಿ ಬದುಕುವ ರೀತಿಯಲ್ಲೇ ಬದುಕಿದಳು. ಸಂಜೆ ಟೊಮೇಟೊಗೆ ಟ್ಯಾಂಕಿನ ನೀರು ಒಂದು ಗುಟುಕು. ಬುಧವಾರ ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟು, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟಕ್ಕೆ. ಚರ್ಚಿನ ಟೀಯನ್ನು ಒಂದು ಗುಟುಕು ಬಾಯಿಗಿಟ್ಟು, "ನಲ್ಲಿ ನೀರು," ಎಂದು ಕಪ್ಪನ್ನು ಕೆಳಗಿಡುವುದು. ಈ ನಾಲಗೆಗೆ ಊರಿನಲ್ಲಿ ಹೆಸರಿತ್ತು. ದೂರದ ನದಿಯಿಂದ ಕೊಳವೆಯಲ್ಲಿ ಬರುವ ನಲ್ಲಿ ನೀರು ಟೀಯನ್ನು ಕೊಲ್ಲುತ್ತದೆ, ಮಳೆನೀರಿನ ಟೀ ಕುಡಿದ ನಾಲಗೆಗೆ ಮೋಸ ಮಾಡಲು ಯಾರಿಂದಲೂ ಆಗದು ಎಂದು ಅವಳು ಪಾದ್ರಿಗೇ ಹೇಳಿದ್ದಳು. ಬೆಳಿಗ್ಗೆ ಟ್ಯಾಂಕಿಗೆ ಬಡಿದರೆ ಎಂದಿನಂತೆ ದಪ್.

ತಿಂಗಳು ತುಂಬಿದ ಮೇಲೆ, ಒಂದು ಗುರುವಾರ, ಅವಳು ಕರೆಂಟು ಆರಿಸಿ ಕಾರ್ಡು ತೆಗೆದಳು. ಕರವಸ್ತ್ರದಲ್ಲಿ ಸುತ್ತಿಕೊಂಡಳು. ಕ್ಲೆಮ್‌ನನ್ನು ಮಣ್ಣು ಮಾಡುವ ದಿನ ತೊಟ್ಟಿದ್ದ ನೀಲಿ ಉಡುಪು ತೊಟ್ಟಳು. ನಿಜವಾದ ಕೇಕು ಹಿಡಿದು ಶೆಡ್ಡಿಗೆ ನಡೆದಳು.

ಏವಿಸ್ ಮೊದಲೇ ಬಂದು ಮುಂದಿನ ಕುರ್ಚಿ ಹಿಡಿದಿದ್ದಳು. ಟೋಪಿ ಇತ್ತು. ಹೆಡ್ಲಿ ಬಾಗಿಲ ಹತ್ತಿರ, ಓಡುವವನಂತೆ ನಿಂತಿದ್ದ. ಲಿಂಡ್ಸೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ. ಪರದೆಯ ಮೇಲೆ ಒಂದು ಗೆರೆ ಬಂತು.

"ಗೆರೆ ಮೇಲಿದ್ರೆ ನೀರು ಮೇಲಿದೆ. ಕೆಳಗಿದ್ರೆ ಕೆಳಗೆ," ಅಂದ ಲಿಂಡ್ಸೆ. "ಇಲ್ಲಿಂದ ಶುರು. ಇಲ್ಲಿಗೆ ಮುಗೀತು."

ಶುರುವಾದದ್ದೂ ಮುಗಿದದ್ದೂ ಒಂದೇ ಎತ್ತರದಲ್ಲಿದ್ದವು. ಡಲ್ಸಿ ಏವಿಸ್ ಕಡೆ ತಿರುಗಿದಳು. "ನೋಡಿದ್ಯಾ? ಒಂದು ತಿಂಗಳು. ಇಳಿದಿಲ್ಲ. ಕ್ಲೆಮ್ ಇಲ್ಲ, ಇಳಿದಿಲ್ಲ. ಮುಗೀತು."

ಅವಳಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ.

"ಮುಗೀಲಿಲ್ಲ," ಅಂದಳು ಏವಿಸ್. "ಮಧ್ಯದಲ್ಲಿ ಅದೇನು ಮೆಟ್ಟಿಲು?"

ಗೆರೆ ನೇರ ಇರಲಿಲ್ಲ. ಪ್ರತಿ ಸಂಜೆ ಅದು ಒಂದು ಮೆಟ್ಟಿಲು ಇಳಿಯುತ್ತಿತ್ತು.

"ಅದು ಟೊಮೇಟೊ ಹೊತ್ತು," ಅಂದ ಲಿಂಡ್ಸೆ, ಮೆತ್ತಗೆ.

"ಒಂದು ಗುಟುಕು," ಅಂದಳು ಡಲ್ಸಿ.

"ಆನೆ ಗುಟುಕು," ಅಂದಳು ಏವಿಸ್. "ಇಷ್ಟು ಇಳಿದ್ರೆ ಟ್ಯಾಂಕು ಯಾವಾಗಲೋ ಒಣಗಬೇಕಿತ್ತು. ಒಣಗಿಲ್ಲ ಯಾಕೆ?"

ಯಾಕೆಂದರೆ ವಾರಕ್ಕೊಮ್ಮೆ ಗೆರೆ ಮೇಲೇರುತ್ತಿತ್ತು. ನಿಧಾನವಾಗಿ, ಬೆಕ್ಕು ಕಾಲಿಟ್ಟ ಹಾಗೆ, ಆದರೂ ಏರುತ್ತಿತ್ತು. ಲಿಂಡ್ಸೆ ವಾರ ನೋಡಿದ. ಎಲ್ಲವೂ ಬುಧವಾರ. ಎಲ್ಲವೂ ಬೆಳಿಗ್ಗೆ.

"ಬುಧವಾರ ಬೆಳಿಗ್ಗೆ ನಿಮ್ಮನೆ ಟ್ಯಾಂಕಿಗೆ ಮಾತ್ರ ಮಳೆ ಬರತ್ತಾ ಡಲ್ಸಿ?" ಎಂದು ಏವಿಸ್ ಕೇಳಿದಳು. "ನೀನು ಬೌಲ್ಸ್‌ಗೆ ಹೋದಾಗ?"

ಕೇಕು ತಿನ್ನುತ್ತಿದ್ದವರು ಜಗಿಯುವುದನ್ನು ನಿಲ್ಲಿಸಿದರು. ಬಾಗಿಲ ಹತ್ತಿರ ಹೆಡ್ಲಿ ಟೋಪಿಯನ್ನು ಕೈಯಲ್ಲಿ ಹಿಂಡಿದ.

"ಪೆನ್ಸಿಲ್ಲಿನಷ್ಟು ತೆಳ್ಳಗೆ ಬಿಟ್ಟಿದ್ದೆ ನೀರನ್ನ," ಅಂದ. "ನಿಧಾನಕ್ಕೆ ಬಿಟ್ರೆ ಅದಕ್ಕೆ ಗೊತ್ತಾಗಲ್ಲ ಅಂದ್ಕೊಂಡೆ."

ಡಲ್ಸಿ ಅವನನ್ನು ನೋಡಿದಳು.

"ಕ್ಲೆಮ್ ಹೇಳಿದ್ದ," ಅಂದ ಹೆಡ್ಲಿ. "ಆಸ್ಪತ್ರೇಲಿ. ದೋಣಿ ನಿಂಗೆ, ಟ್ಯಾಂಕೂ ನಿಂಗೆ, ಅಂದ. ಬುಧವಾರ ಅವಳು ಆಟಕ್ಕೆ ಹೋದಾಗ ನಮ್ಮನೆ ನಲ್ಲಿಯಿಂದ ಬೇಲಿ ಮೇಲೆ ಪೈಪು ಬಿಡಬೇಕು. ಅವನು ಇಷ್ಟು ವರ್ಷವೂ ಹಾಗೇ ಮಾಡ್ತಿದ್ದ, ನಿಮ್ಮನೆ ನಲ್ಲಿಯಿಂದ. ಟೊಮೇಟೊಗೆ ನೀರು ಹಾಕೋದು ಬಿಡು ಅಂದ್ರೆ ಅವಳು ಬಿಡಲ್ಲ, ಟೀ ನೀರು ಮುಗಿದ್ರೆ ಅವಳಿಗೆ ತಡೆಯಕ್ಕಾಗಲ್ಲ, ಅದಕ್ಕೆ, ಅಂದ. ಅವನಿಗೆ ಮಂಡಿ ನೋವು, ಎಷ್ಟಿದೆ ಅಂತ ನೋಡೋಕೆ ಏಣಿ ಹತ್ತಕ್ಕಾಗ್ತಿರಲಿಲ್ಲ. ಈ ಯಂತ್ರ ಅದಕ್ಕೆ. ನಿನ್ನ ಹಿಡಿಯೋಕಲ್ಲ."

"ಹಾಗಾದ್ರೆ ನಾನು ಕುಡಿದಿದ್ದು," ಅಂದಳು ಡಲ್ಸಿ.

"ನಲ್ಲಿ ನೀರು," ಅಂದಳು ಏವಿಸ್. ನಿಧಾನವಾಗಿ, ರುಚಿ ನೋಡಿಕೊಂಡು ಹೇಳಿದಳು. "ಇಷ್ಟು ವರ್ಷ. ಪ್ರತಿ ಬೇಸಿಗೆ. ಆ ನಾಲಗೆಯಲ್ಲಿ."

"ಒಂದಿಷ್ಟು ಮಳೆನೀರೂ ಸೇರಿತ್ತು," ಅಂದ ಲಿಂಡ್ಸೆ. ಒಳ್ಳೆಯ ಮನುಷ್ಯ.

ಏವಿಸ್ ಹೆಡ್ಲಿಯ ಕಡೆ ತಿರುಗಿದಳು. "ನೀನೆಂಥ ದಡ್ಡನೋ. ಬಾಯಿ ಬಿಟ್ಟಿದ್ರೆ ದೋಣಿ ಅವತ್ತೇ ನಿನ್ನದಾಗ್ತಿತ್ತು. ವೈರು ಬೇರೆ ಅದಲು ಬದಲು ಮಾಡಿದ್ದೀಯ. ದೋಣಿ ಬೇಡ್ವೇನೋ ನಿಂಗೆ?"

"ಬೇಕು," ಅಂದ ಹೆಡ್ಲಿ. "ಹೇಳಬೇಡ ಅಂದಿದ್ದ."

ಡಲ್ಸಿ ಪರದೆಯ ಹತ್ತಿರ ಹೋದಳು. ಗೆರೆಯ ಮೇಲೆ ಬೆರಳಿಟ್ಟು ಒಂದು ಬುಧವಾರದಿಂದ ಇನ್ನೊಂದು ಬುಧವಾರಕ್ಕೆ ಹೋದಳು. ಕಳ್ಳ, ಅಂದುಕೊಂಡಳು. ದೋಣಿ ತೊಳೆದಿದ್ದರೆ ಬೈಯಬಹುದಿತ್ತು. ಬೈದೂ ಆಗಿತ್ತು, ಬದುಕಿಡೀ. ಅವನು ಅದನ್ನೆಲ್ಲ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡು, ಬುಧವಾರ ಎದ್ದು ಹೋಗಿ ನಲ್ಲಿ ತಿರುಗಿಸಿದ್ದ.

ಆಮೇಲೆ ಅವಳಿಗೆ ಒಂದು ಸಂಶಯ ಬಂತು.

"ಅವನು ತುಂಬಿಸ್ತಿದ್ದಾಗಲೂ ಟ್ಯಾಂಕು ಇಳೀತಿತ್ತು," ಅಂದಳು. "ಪ್ರತಿ ಬೇಸಿಗೆ ಇಳೀತಿತ್ತು. ಬಡಿದು ನೋಡಿದ್ದೀನಿ. ನೀನು ತುಂಬಿಸಿದ ಮೇಲೆ ಇಳಿದೇ ಇಲ್ಲ. ಯಾಕೆ?"

ಹೆಡ್ಲಿ ಟೋಪಿ ನೋಡಿದ. "ನಂಗೆ ಲೆಕ್ಕ ಗೊತ್ತಾಗ್ಲಿಲ್ಲ. ಕಡಿಮೆ ಆದೀತು ಅಂತ ಹೆದರಿ ಅವನಿಗಿಂತ ಜಾಸ್ತೀನೇ ಹಾಕ್ತಿದ್ದೆ. ಅವನು ಬೇಕಂತಲೇ ಕಡಿಮೆ ಹಾಕ್ತಿದ್ದ. ನೀನು ತೆಗೆದಷ್ಟಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ. ಪೂರ್ತಿ ತುಂಬಿಸಿಟ್ರೆ ಅವಳಿಗೆ ಬೈಯೋಕೆ ಏನಿರತ್ತೆ, ಅಂತಿದ್ದ."

ಏವಿಸ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಡಲ್ಸಿ ಕರವಸ್ತ್ರ ತೆಗೆದಳು. ಕಾರ್ಡು ಸುತ್ತಿದ್ದ ಕರವಸ್ತ್ರ. ಮೂಗು ಒರೆಸಿಕೊಂಡಳು, ಜೋರಾಗಿ, ಗರಗಸ ಕೂಡ ನಾಚುವ ಹಾಗೆ. ಶೆಡ್ಡಿನ ಗಂಡಸರು ಅವಳನ್ನು ನೋಡದಿರಲು ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು.

"ದೋಣಿ ತೊಗೊಂಡು ಹೋಗು ಹೆಡ್ಲಿ," ಅಂದಳು. "ತಾಡಪಾಲನ್ನೂ ತೊಗೋ."

"ಆಯ್ತು ಡಲ್ಸಿ."

"ಬುಧವಾರ ಬಾ. ಬೇಲಿ ಮೇಲಿಂದ ಬೇಡ. ಗೇಟಿನಿಂದ ಬಾ, ಮನುಷ್ಯರ ಹಾಗೆ. ನಾನು ಆಟಕ್ಕೆ ಹೋಗೋಕೆ ಮೊದಲೇ ಬಾ. ಪೈಪು ಪೂರ್ತಿ ಬಿಡು, ಪೆನ್ಸಿಲ್ ಗಿನ್ಸಿಲ್ ಬೇಡ."

"ಎಷ್ಟು ಹಾಕ್ಲಿ?"

ಡಲ್ಸಿ ಖಾಲಿ ಕೇಕಿನ ಡಬ್ಬಿಯ ಮುಚ್ಚಳ ಒತ್ತಿದಳು. ಅದು ಕೂರಲಿಲ್ಲ. ಇನ್ನೊಮ್ಮೆ ಒತ್ತಿದಳು.

"ಸ್ವಲ್ಪ ಕಡಿಮೆ," ಅಂದಳು.